ಸಿನ್ಸ್ ಎಲ್ಲಿ, ಫಾರ್ ಎಲ್ಲಿ?

ಹಾಸನದಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಕೆಲಸದ ಅರ್ಜಿಗಳನ್ನೂ ಟೈಪ್ ಮಾಡಿಕೊಡುತ್ತೇನೆ. ಹುಡುಗರು ಬರೆದು ತರುವ ಹಾಳೆಯಲ್ಲಿ ಜಾಸ್ತಿ ಕಾಣುವ ತಪ್ಪು ಇದು: ‘ಐ ಆಮ್ ವರ್ಕಿಂಗ್ ಸಿನ್ಸ್ ತ್ರೀ ಇಯರ್ಸ್’.

ಇದು ದಡ್ಡತನ ಅಲ್ಲವೇ ಅಲ್ಲ. ಕನ್ನಡದಲ್ಲಿ ‘ಮೂರು ವರ್ಷದಿಂದ’ ಅಂತೀವಿ, ‘2021ರಿಂದ’ ಅಂತಲೂ ಅಂತೀವಿ. ಎರಡಕ್ಕೂ ಒಂದೇ ‘ಇಂದ’ ಸಾಕು. ಇಂಗ್ಲಿಷಿಗೆ ಸಾಲದು. ಶುರುವಾದ ದಿನವನ್ನು ಕ್ಯಾಲೆಂಡರಿನಲ್ಲಿ ಬೆರಳಿಟ್ಟು ತೋರಿಸುವಂತಿದ್ದರೆ ಸಿನ್ಸ್: ಸಿನ್ಸ್ 2021, ಸಿನ್ಸ್ ಮಂಡೇ. ಎಷ್ಟು ದಿನ, ಎಷ್ಟು ವರ್ಷ ಅಂತ ಎಣಿಸಿ ಹೇಳುವುದಾದರೆ ಫಾರ್. ಜೊತೆಗೆ ‘ಆಮ್’ ತೆಗೆದು ‘ಹ್ಯಾವ್ ಬೀನ್’ ಹಾಕಿ: ‘ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ತ್ರೀ ಇಯರ್ಸ್’. ಬರೀ ಸಿನ್ಸ್ ತಿದ್ದಿ ಇದನ್ನು ಬಿಟ್ಟವರೇ ಹೆಚ್ಚು.

ಕಳೆದ ವಾರ ಒಬ್ಬ ಹುಡುಗಿ ‘ಐ ಆಮ್ ಇಂಟರೆಸ್ಟಿಂಗ್ ಇನ್ ದಿಸ್ ಜಾಬ್’ ಅಂತ ಬರೆದಿದ್ದಳು. ಅವಳ ಪಕ್ಕ ಕೂತು ತೋರಿಸಿದೆ. ಆಸಕ್ತಿ ಇರುವುದು ನಿನಗೆ, ಅಲ್ವಾ? ಹಾಗಾದರೆ ನೀನು ಇಂಟರೆಸ್ಟೆಡ್. ಆಸಕ್ತಿ ಹುಟ್ಟಿಸಿದ್ದು ಕೆಲಸ, ಅದು ಇಂಟರೆಸ್ಟಿಂಗ್. ಪಾಠ ಬೋರಿಂಗ್, ಕೇಳುವವರು ಬೋರ್ಡ್. ಪೆನ್ನು ತಗೊಂಡು ಅವಳೇ ತಿದ್ದಿದಳು.

ಅಡ್ವೈಸ್, ಅಡ್ವೈಜ್ ಸುಲಭ. ಕೊನೆಗೆ ‘ಸ್’ ಸದ್ದು ಬಂದರೆ ಸಲಹೆ, ಸ್ಪೆಲಿಂಗಿನಲ್ಲಿ ಸಿ ಅಕ್ಷರ. ‘ಜ್’ ಸದ್ದು ಬಂದರೆ ಸಲಹೆ ಕೊಡುವುದು, ಅಲ್ಲಿ ಎಸ್. ‘ಅಡ್ವೈಸಸ್’ ಅಂತ ಮಾತ್ರ ಬರೆಯಬೇಡಿ, ಸಲಹೆ ಎಷ್ಟಿದ್ದರೂ ಅಡ್ವೈಸೇ.

ಪ್ರಿಂಟ್ ತೆಗೆಯುವ ಮುಂಚೆ ಎಲ್ಲರ ಕೈಲೂ ಒಂದು ಸಲ ಜೋರಾಗಿ ಓದಿಸುತ್ತೇನೆ.