ಉಡುಪಿಯಲ್ಲಿ ಕೂತು ಯೂಟಾದ ವಿಮಾನಗಳ ಲೆಕ್ಕ

ನಾನು ಸಿಎ. ಆಫೀಸು ಮಂಗಳೂರಿನಲ್ಲಿ, ಆದರೆ ಹೆಚ್ಚಿನ ದಿನ ಉಡುಪಿಯ ಮನೆಯಿಂದಲೇ ಕೆಲಸ. ಅಮೆರಿಕದ ಹೂಡಿಕೆದಾರರಿಗಾಗಿ ಅಲ್ಲಿನ ಸಾರಿಗೆ ಕಂಪನಿಗಳ ಲೆಕ್ಕಪತ್ರ ಓದಿ, ಮುಂದಿನ ವರ್ಷಗಳ ಅಂದಾಜು ಮಾಡಿಕೊಡುವುದು ನಮ್ಮ ತಂಡದ ಕೆಲಸ. ಅದರಲ್ಲಿ ನನ್ನ ಪಾಲಿಗೆ ಬಂದದ್ದು ಸ್ಕೈವೆಸ್ಟ್ ಎಂಬ ವಿಮಾನ ಕಂಪನಿ. 1972ರಲ್ಲಿ ಯೂಟಾ ರಾಜ್ಯದ ಸೇಂಟ್ ಜಾರ್ಜ್ ಎಂಬ ಊರಿನಲ್ಲಿ ಶುರುವಾದದ್ದು. ಈಗ ಮೇಲೆ ಒಂದು ಹೋಲ್ಡಿಂಗ್ ಕಂಪನಿ ಇದೆ. ಅದರ ಕೆಳಗೆ ವಿಮಾನ ಹಾರಿಸುವ ಕಂಪನಿ ಬೇರೆ, ವಿಮಾನ ಮತ್ತು ಎಂಜಿನ್ ಬಾಡಿಗೆಗೆ ಕೊಡುವ ಲೀಸಿಂಗ್ ಕಂಪನಿ ಬೇರೆ.

ಅಮೆರಿಕದಲ್ಲಿರುವ ನಮ್ಮೂರಿನವರನ್ನು ಕೇಳಿದರೂ ಈ ಹೆಸರು ಎಷ್ಟೋ ಜನಕ್ಕೆ ಗೊತ್ತಿಲ್ಲ. ಅದರಲ್ಲೇ ಓಡಾಡಿರುತ್ತಾರೆ! ವಿಮಾನದ ಮೈಮೇಲೆ ಡೆಲ್ಟಾ ಕನೆಕ್ಷನ್, ಯುನೈಟೆಡ್ ಎಕ್ಸ್‌ಪ್ರೆಸ್ ಎಂದು ದೊಡ್ಡ ಏರ್‌ಲೈನ್‌ಗಳ ಹೆಸರು ಬರೆದಿರುತ್ತದೆ. ಹೆಚ್ಚಿನ ಹಾರಾಟಗಳಲ್ಲಿ ಟಿಕೆಟ್ ಮಾರುವುದು, ದರ ಇಡುವುದು, ಟೈಮಿಂಗ್ ಹಾಕುವುದು ಎಲ್ಲ ದೊಡ್ಡ ಕಂಪನಿ. ಪೈಲಟ್, ಗಗನಸಖಿಯರು, ಮೆಂಟೆನೆನ್ಸ್ ಮಾತ್ರ ಸ್ಕೈವೆಸ್ಟಿನದ್ದು.

ಮಣಿಪಾಲದ ಕಡೆ ಕಾಂಟ್ರ್ಯಾಕ್ಟ್ ಬಸ್ ಬಿಟ್ಟಿರುವ ನನ್ನ ಗೆಳೆಯನೊಬ್ಬ ಇದ್ದಾನೆ. ಅವನಿಗೆ ಈ ವ್ಯವಹಾರ ವಿವರಿಸಲು ಎರಡು ನಿಮಿಷ ಸಾಕಾಯಿತು. "ನಮ್ಮದೂ ಅದೇ ಅಲ್ವಾ ಮಾರಾಯ. ಸೀಟು ಖಾಲಿ ಇದ್ದರೆ ನನಗೆಂತ? ಡೀಸೆಲ್ ಅವರದ್ದು. ತಿಂಗಳಿಗೆ ಬಸ್ಸಿಗೆ ಇಷ್ಟು, ಟ್ರಿಪ್ಪಿಗೆ ಇಷ್ಟು. ಡ್ರೈವರ್ ಬರದಿದ್ದರೆ ಮಾತ್ರ ತಲೆಬಿಸಿ" ಅಂದ. ಪುಟಗಟ್ಟಲೆ ಇರುವ ವಾರ್ಷಿಕ ವರದಿಯ ಸಾರ ಹೆಚ್ಚು ಕಡಿಮೆ ಇಷ್ಟೇ.

ಹಾಗಾಗಿ ವಿಮಾನ ಕಂಪನಿ ಎಂದ ಕೂಡಲೇ ಎಲ್ಲರೂ ಹುಡುಕುವ ಅಂಕಿ, ಅಂದರೆ ಎಷ್ಟು ಸೀಟು ತುಂಬಿತು ಎಂಬುದು, ನನ್ನ ಶೀಟಿನಲ್ಲಿ ಒಂದು ಮೂಲೆಯಲ್ಲಿದೆ. ನಾನು ಮೊದಲು ತೆರೆಯುವುದು ಒಪ್ಪಂದಗಳ ಪಟ್ಟಿ. ಡೆಲ್ಟಾ, ಯುನೈಟೆಡ್, ಅಮೆರಿಕನ್, ಅಲಾಸ್ಕಾ: ಯಾರಿಗೆ ಯಾವ ವಿಮಾನ, ಎಷ್ಟು, ಯಾವ ವರ್ಷದವರೆಗೆ? ಪಕ್ಕದ ಕಾಲಂನಲ್ಲಿ ಆ ವಿಮಾನ ಯಾರದ್ದು ಎಂದು ಬರೆದುಕೊಳ್ಳುತ್ತೇನೆ. ಕೆಲವನ್ನು ದೊಡ್ಡ ಕಂಪನಿಯೇ ಕೊಟ್ಟಿರುತ್ತದೆ, ಕೆಲವನ್ನು ಸ್ಕೈವೆಸ್ಟ್ ಸಾಲ ಮಾಡಿ ಕೊಂಡಿರುತ್ತದೆ. ಸ್ವಂತದ್ದಾದರೆ ಸಾಲ ಮೊದಲು ಮುಗಿಯುತ್ತದಾ, ಒಪ್ಪಂದ ಮೊದಲು ಮುಗಿಯುತ್ತದಾ ಎಂದು ನೋಡಬೇಕು. ಒಪ್ಪಂದ ಮೊದಲು ಮುಗಿದರೆ ಕಂತು ಕಟ್ಟಬೇಕಾದ ವಿಮಾನ ಕೈಯಲ್ಲಿ, ದುಡಿಮೆ ಇಲ್ಲ.

ನನಗೆ ಅತಿ ಇಷ್ಟದ ಭಾಗ, ಮತ್ತು ಹೊಸಬರಿಗೆ ಅತಿ ಗೊಂದಲದ ಭಾಗ, ಮುಂದೂಡಿದ ಆದಾಯದ ಲೆಕ್ಕ. ಕೆಲವು ಒಪ್ಪಂದಗಳಲ್ಲಿ ವಿಮಾನ ಹಾರಲಿ ಬಿಡಲಿ, ತಿಂಗಳಿಗೆ ಒಂದು ಸ್ಥಿರ ಮೊತ್ತ ಬರುತ್ತದೆ. ಆದರೆ ಲೆಕ್ಕದ ನಿಯಮ ಹಾಗಲ್ಲ. ಒಪ್ಪಂದದ ಪೂರ್ತಿ ಅವಧಿಯಲ್ಲಿ ಎಷ್ಟು ಹಾರಬೇಕೋ, ಅದರಲ್ಲಿ ಈಗ ಹಾರಿದ ಪಾಲಿಗಷ್ಟೇ ಆದಾಯ ಎಂದು ಬರೆಯಬೇಕು. ತಿಂಗಳಿಗೆ 100 ರೂಪಾಯಿ ಬಂತು, ಹಾರಾಟ ಸರಾಸರಿಯ ಶೇಕಡಾ ಅರವತ್ತು ಮಾತ್ರ ಆಯಿತು ಅಂದುಕೊಳ್ಳಿ. 60 ಆದಾಯಕ್ಕೆ, ಉಳಿದ 40 ಹೊಣೆಯ ಕಡೆಗೆ, ಅಂದರೆ ಇನ್ನೂ ಹಾರಿ ತೀರಿಸಬೇಕಾದ ಬಾಕಿ. ದುಡ್ಡು ಬ್ಯಾಂಕಿನಲ್ಲಿದೆ, ಲಾಭದಲ್ಲಿ ಕಾಣುವುದಿಲ್ಲ. ಮುಂದೆ ಹಾರಾಟ ಜಾಸ್ತಿಯಾದಾಗ ಆ 40 ನಿಧಾನಕ್ಕೆ ಆದಾಯಕ್ಕೆ ಇಳಿಯುತ್ತದೆ.

ಕೋವಿಡ್ ನಂತರದ ವರ್ಷಗಳನ್ನು ಓದುವಾಗ ಇದು ಗೊತ್ತಿರದಿದ್ದರೆ ಏನೂ ಅರ್ಥವಾಗುವುದಿಲ್ಲ. 2023ರ ನಿವ್ವಳ ಲಾಭ 3.4 ಕೋಟಿ ಡಾಲರ್. 2024ರದ್ದು 32.3 ಕೋಟಿ. ಒಂದೇ ವರ್ಷದಲ್ಲಿ ಕಂಪನಿಯೇನು ಒಂಬತ್ತು ಪಟ್ಟು ಬೆಳೆದಿಲ್ಲ. ಹಾರಾಟದ ಗಂಟೆಗಳು ಹೆಚ್ಚಾದವು ನಿಜ, ಮುಂದೂಡಿದ ಆದಾಯದ ಆಟವೂ ಅದರಲ್ಲಿ ಸೇರಿದೆ. ಅದಕ್ಕೇ ನಾನು ಲಾಭದ ಸಾಲಿನ ಪಕ್ಕದಲ್ಲೇ ನಗದು ಹರಿವಿನ ಸಾಲನ್ನೂ ಇಡುತ್ತೇನೆ. ರಾತ್ರಿಯ ಕಾಲ್‌ನಲ್ಲಿ ಅಮೆರಿಕದವರು ಮೊದಲು ಕೇಳುವುದೇ ಇದನ್ನು.

ಅದಕ್ಕೂ ಮೊದಲು ಹಾರಾಟ ಕಡಿಮೆಯಾಗಿದ್ದು ಯಾಕೆ? ಪ್ರಯಾಣಿಕರು ಇಲ್ಲದೆ ಅಲ್ಲ, ಕ್ಯಾಪ್ಟನ್‌ಗಳು ಇಲ್ಲದೆ. 2009ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ರಾಜ್ಯದ ಬಫೆಲೋ ಹತ್ತಿರ ಕೋಲ್ಗನ್ ಏರ್ ಎಂಬ ಪ್ರಾದೇಶಿಕ ಕಂಪನಿಯ ವಿಮಾನ ಬಿದ್ದು 50 ಜನ ಸತ್ತರು. ಆಮೇಲೆ ಬಂದ ಕಾನೂನಿನ ಪ್ರಕಾರ 2013ರಿಂದ ಸಹ ಪೈಲಟ್‌ಗೂ ಸಾಮಾನ್ಯವಾಗಿ 1,500 ಗಂಟೆ ಹಾರಾಟದ ಅನುಭವ ಬೇಕು. ಕ್ಯಾಪ್ಟನ್ ಆಗಲು ಅದರ ಮೇಲೆ ಏರ್‌ಲೈನಿನಲ್ಲೇ ಇನ್ನೂ 1,000 ಗಂಟೆ. ಕೋವಿಡ್ ಮುಗಿದ ಮೇಲೆ ದೊಡ್ಡ ಕಂಪನಿಗಳು ಒಮ್ಮೆಲೇ ಪೈಲಟ್‌ಗಳನ್ನು ಸೇರಿಸಿಕೊಂಡವು. ಸ್ಕೈವೆಸ್ಟಿನಿಂದ ಹೋದವರು ಕ್ಯಾಪ್ಟನ್‌ಗಳು. ಹೊಸ ಸಹ ಪೈಲಟ್ ಸಿಗುತ್ತಾನೆ, ಕ್ಯಾಪ್ಟನ್‌ನ ಜಾಗ ತುಂಬಲು ವರ್ಷಗಳು ಬೇಕು. 2022ರ ಮಾರ್ಚ್‌ನಲ್ಲಿ ಸ್ಕೈವೆಸ್ಟ್, ಸರ್ಕಾರದ ಸಬ್ಸಿಡಿ ಇದ್ದ 29 ಸಣ್ಣ ಊರುಗಳ ಸೇವೆ ನಿಲ್ಲಿಸುತ್ತೇನೆ ಎಂದು ನೋಟಿಸ್ ಕೊಟ್ಟಿತು. ಸಬ್ಸಿಡಿ ಇದ್ದೂ ಹಾರಿಸಲು ಜನ ಇಲ್ಲ! ನನ್ನ ಅಂದಾಜಿನಲ್ಲಿ ಹಾರಾಟದ ಗಂಟೆಗಳಿಗೆ ಮಿತಿ ಹಾಕುವುದು ವಿಮಾನಗಳ ಸಂಖ್ಯೆ ಅಲ್ಲ, ಕ್ಯಾಪ್ಟನ್‌ಗಳ ಸಂಖ್ಯೆ.

ಕೊಂಡು ಬೆಳೆಯುವ ದಾರಿಯನ್ನೂ ಇವರು ನೋಡಿದ್ದಾರೆ. 2005ರಲ್ಲಿ ಡೆಲ್ಟಾದಿಂದ ಅಟ್ಲಾಂಟಿಕ್ ಸೌತ್‌ಈಸ್ಟ್ ಎಂಬ ಪ್ರಾದೇಶಿಕ ಏರ್‌ಲೈನ್ ಕೊಂಡರು, 42.5 ಕೋಟಿ ಡಾಲರಿಗೆ. 2010ರಲ್ಲಿ ಎಕ್ಸ್‌ಪ್ರೆಸ್‌ಜೆಟ್. ಎರಡನ್ನೂ ಸೇರಿಸಿದರು. 2019ರಲ್ಲಿ, ಯುನೈಟೆಡ್‌ಗೆ ಪಾಲಿದ್ದ ಕಂಪನಿಗೆ ಮಾರಿ ಕೈತೊಳೆದುಕೊಂಡರು. ಈ ವ್ಯವಹಾರದಲ್ಲಿ ಗಾತ್ರಕ್ಕೆ ಅಷ್ಟು ಬೆಲೆ ಇಲ್ಲ ಎಂಬುದು ನನ್ನ ಅಭಿಪ್ರಾಯ. ಒಪ್ಪಂದದ ದರ ಕಡಿಮೆಯಿದ್ದರೆ ನೂರು ವಿಮಾನ ಸೇರಿಸಿದರೂ ಅಷ್ಟೇ.

ಇನ್ನೊಂದು ತಮಾಷೆ ಸೀಟಿನದ್ದು. ದೊಡ್ಡ ಕಂಪನಿಗಳ ಪೈಲಟ್ ಯೂನಿಯನ್‌ಗಳು, ಹೊರಗಿನವರಿಗೆ ಕೊಡುವ ವಿಮಾನದಲ್ಲಿ 76 ಸೀಟಿಗಿಂತ ಜಾಸ್ತಿ ಇರಬಾರದು ಎಂದು ಕಟ್ಟುಮಾಡಿವೆ. 50ಕ್ಕಿಂತ ಹೆಚ್ಚು ಸೀಟಿನವು ಎಷ್ಟು ಇರಬಹುದು ಎಂಬುದಕ್ಕೂ ಮಿತಿ ಇದೆ. ಅದಕ್ಕೆ ಯುನೈಟೆಡ್, ಎಪ್ಪತ್ತು ಸೀಟಿನ ಸಿಆರ್‌ಜೆ 700 ವಿಮಾನದಿಂದ ಸೀಟು ಕಿತ್ತು 50 ಮಾಡಿಸಿತು. ಅದರ ಹೆಸರು ಸಿಆರ್‌ಜೆ 550. ನಗಬೇಡಿ, ನಮ್ಮಲ್ಲೂ ಇದೆ. ದೇಶದೊಳಗೆ ಹಾರುವ 80ಕ್ಕಿಂತ ಕಡಿಮೆ ಸೀಟಿನ ವಿಮಾನಕ್ಕೆ ಲ್ಯಾಂಡಿಂಗ್ ಚಾರ್ಜಿನ ವಿನಾಯಿತಿ ಬಹುಕಾಲದಿಂದ ಇದೆ. ಮಂಗಳೂರಿನ ಬಜ್ಪೆ ನಿಲ್ದಾಣಕ್ಕೆ ಬರುವ ಇಂಡಿಗೋದ ಸಣ್ಣ ಎಟಿಆರ್ ವಿಮಾನದಲ್ಲಿ ಎಷ್ಟು ಸೀಟು? 78.

ಇದೇ ಶೀಟನ್ನು ಇಲ್ಲಿಯ ಅಲಯನ್ಸ್ ಏರ್‌ಗೆ ಹಾಕಿ ನೋಡು ಎಂದು ಆಫೀಸಿನಲ್ಲಿ ಹೇಳಿದರು. ಏರ್ ಇಂಡಿಯಾ 2022ರ ಜನವರಿಯಲ್ಲಿ ಟಾಟಾಕ್ಕೆ ಹೋದಾಗ ಇದು ಸರ್ಕಾರದ ಹೋಲ್ಡಿಂಗ್ ಕಂಪನಿಯಲ್ಲೇ ಉಳಿಯಿತು. ಹೆಸರಿಗೆ ಎರಡೂ ಪ್ರಾದೇಶಿಕ ಏರ್‌ಲೈನ್. ಆದರೆ ಇಲ್ಲಿ ಟಿಕೆಟ್ ಇವರೇ ಮಾರಬೇಕು, ಇಂಧನ ಇವರೇ ಹಾಕಿಸಬೇಕು. ಸಣ್ಣ ಊರುಗಳಿಗೆ ವಿಮಾನ ಬಿಡಿಸುವ ಸರ್ಕಾರದ ಉಡಾನ್ ಯೋಜನೆಯ ಮಾರ್ಗವಾದರೆ ದರಕ್ಕೆ ಮಿತಿ, ನಷ್ಟ ತುಂಬುವ ಸರ್ಕಾರದ ದುಡ್ಡು ಸಾಮಾನ್ಯವಾಗಿ ಮೂರು ವರ್ಷಕ್ಕೆ. ಒಪ್ಪಂದದ ಕಾಲಂಗಳನ್ನೆಲ್ಲ ಅಳಿಸಿ ಟಿಕೆಟ್ ದರ, ಇಂಧನ, ಮಾರ್ಗದ ಉಳಿದ ತಿಂಗಳು ಎಂದು ಹೊಸದಾಗಿ ಹಾಕಿದೆ. ಮೂಲೆಯಲ್ಲಿದ್ದ ಸೀಟು ತುಂಬಿದ ಲೆಕ್ಕ ಮೊದಲ ಸಾಲಿಗೆ ಬಂತು. ಪೈಲಟ್‌ಗಳ ಕಾಲಂ ಮಾತ್ರ ಇದ್ದ ಹಾಗೆಯೇ ಇಟ್ಟೆ.