ಕ್ಯಾಲೆಂಡರ್ ಹಾಳೆ ಹೇಳಿಕೊಟ್ಟ ಜೋಡಿ ಬುಟ್ಟಿ

ನಾಲ್ಕನೇ ಸಲಕ್ಕೆ ಬುಟ್ಟಿ ನಿಂತಿತು. ಅಮೆರಿಕದ ಮೂಲನಿವಾಸಿ ಚೆರೊಕೀ ಜನರ ಡಬಲ್‌ವೀವ್ ಇದು. ಒಳಗೊಂದು, ಹೊರಗೊಂದು, ಎರಡಕ್ಕೂ ಅದೇ ಎಳೆಗಳು. ಕಾಗದದಲ್ಲಿ ಕಲಿಯುತ್ತೀನಿ ಅಂದಾಗ ಬುಟ್ಟಿ ತರಗತಿಯಲ್ಲಿ ನಕ್ಕವರಿಗೆ ಮೊನ್ನೆ ಅದರಲ್ಲೇ ಚಕ್ಕುಲಿ ಹಾಕಿ ಕೊಟ್ಟೆ.

ನಾನಿರುವುದು ನಾರ್ತ್ ಕೆರೊಲೈನಾದಲ್ಲಿ. ಇಲ್ಲಿನ ಚೆರೊಕೀ ಜನರ ನೆಲವಾದ ಕ್ವಾಲಾದಲ್ಲಿ ಅವರ ಕುಶಲಕರ್ಮಿಗಳು 1946ರಲ್ಲಿ ಕಟ್ಟಿದ ಸಹಕಾರಿ ಮಳಿಗೆ ಇದೆ. ಅಲ್ಲಿ ಒಂದು ಬುಟ್ಟಿಯ ಬಾಯಿ ನೋಡುತ್ತಾ ನಿಂತುಬಿಟ್ಟೆ. ಕಟ್ಟಿ ಬಿಗಿದ ಅಂಚೇ ಇಲ್ಲ! ಎಳೆಗಳು ಅಲ್ಲೇ ಮಡಚಿ ಹೊರಗೆ ಇಳಿದಿವೆ.

ಇದನ್ನು ಹೆಣೆಯೋದು ರಿವರ್‌ಕೇನ್‌ನಿಂದ, ಅಂದ್ರೆ ನಮ್ಮ ಬಿದಿರಿನ ತಮ್ಮ. ಪರಿಚಯದವರ ಜಮೀನಿನ ಹಳ್ಳದ ಬದಿಯಲ್ಲಿ ಕೇಳಿ ಕಡಿದೆ. ಬುಟ್ಟಿ ಹೆಣೆಯುವವರಿಗೆ ಸೀಳೋದನ್ನ ಹೇಳಬೇಕಿಲ್ಲ. ನಾಲ್ಕು ಸೀಳು, ಹೊಳಪಿನ ಸಿಪ್ಪೆ ಮಾತ್ರ ನಮಗೆ. ಮೊದಲ ನೂರು ಕಡ್ಡಿಯಲ್ಲಿ ಕೆಲಸಕ್ಕೆ ಬಂದದ್ದು ಮೂವತ್ತೋ ಏನೋ. ಚಾಕು, ಪೆಟ್ರೋಲ್, ತರಗತಿ ಫೀಸು ಎಲ್ಲ ಸೇರಿ 400 ಡಾಲರ್ ಹತ್ತಿರ ಹೋಯಿತು.

ಮೊದಲೆರಡು ಬುಟ್ಟಿ ಕೆಟ್ಟದ್ದು ನನ್ನ ಹಳೇ ಚಾಳಿಯಿಂದ. ಹೊಳಪನ್ನು ಹೊರಗಿಟ್ಟು ತಳ ಶುರು ಮಾಡಿದ್ದೆ. ಇಲ್ಲಿ ಉಲ್ಟಾ: ಒಳಬುಟ್ಟಿಯಲ್ಲಿ ಹೊಳಪು ಒಳಗಿರಬೇಕು, ಬಾಯಲ್ಲಿ ಮಡಚಿದಾಗ ತಾನೇ ಹೊರಗೆ ಬರುತ್ತೆ. ಮೂರನೆಯದರಲ್ಲಿ ಎಳೆ ದಪ್ಪ, ಮಡಚುವಲ್ಲಿ ಪಟಪಟ ಮುರಿಯಿತು.

ಆಮೇಲೆ ಗೋಡೆಯ ಹಳೇ ಕ್ಯಾಲೆಂಡರ್ ಕತ್ತರಿಸಿ ಪಟ್ಟಿ ಮಾಡಿದೆ. ಚಿತ್ರದ ಕಡೆ ಹೊಳಪು, ಹಿಂದೆ ಬಿಳಿ. ಮೂರು ಎಳೆಯ ಮೇಲೆ, ಮೂರರ ಕೆಳಗೆ ಹಾಯಿಸೋದು, ಮೂಲೆ, ಮಡಿಕೆ, ಎಲ್ಲ ಕಾಗದದಲ್ಲೇ. "ಕಾಗದದಲ್ಲಿ ಕೈ ಕೂರುತ್ತಾ?" ಅಂದರು ತರಗತಿಯವರು. ಚೆರೊಕೀ ಬುಟ್ಟಿಗಾರ್ತಿ ಲಾಟಿ ಕ್ವೀನ್ ಸ್ಟ್ಯಾಂಪರ್ 1720ರ ದಶಕದಲ್ಲಿ ಇಂಗ್ಲೆಂಡಿಗೆ ಹೋದ ಬುಟ್ಟಿಯ ಫೋಟೊ ನೋಡಿಯೇ ಈ ನೇಯ್ಗೆಯನ್ನು ಮತ್ತೆ ಹಿಡಿದವರು, ಅಲ್ವಾ? ಅವರ ಕೈ ಬೇರೆ ಬಿಡಿ. ನನಗಂತೂ ಮೂರು ವಾರದಲ್ಲಿ ಕೂತಿತು. ಬಾಯಲ್ಲಿ ಮಡಚುವ ಮುಂಚೆ ಎಳೆಗೆ ಏನು ಮಾಡ್ತೀನಿ ಅನ್ನೋದು ಮಾತ್ರ ನನ್ನಲ್ಲೇ ಇರಲಿ.

ಬಣ್ಣಕ್ಕೆ ಕರಿ ವಾಲ್‌ನಟ್ ಮರದ ಬೇರು, ಇಡೀ ದಿನ ಕುದಿಸಿದೆ. ಕಂದು ಚೆನ್ನಾಗಿ ಬಂತು. ಕೇಸರಿ ಬಣ್ಣಕ್ಕೆ ಚೆರೊಕೀ ಜನ ಬ್ಲಡ್‌ರೂಟ್ ಅನ್ನೋ ಗಿಡದ ಬೇರು ಹಾಕುತ್ತಾರೆ. ನನಗೆ ಸಿಗಲಿಲ್ಲ, ಸುಮ್ನೆ ಅರಿಶಿನ ಹಾಕಿ ನೋಡಿದೆ. ಕಿಟಕಿ ಬಳಿ ಎರಡೇ ವಾರ, ಬಣ್ಣ ಮಾಯ!

ಒಬ್ಬರು 200 ಡಾಲರ್‌ಗೆ ಕೇಳಿದರು. ಕೊಡಲಿಲ್ಲ. ನಾನು ಹೆಣೆದದ್ದನ್ನು ಚೆರೊಕೀ ಬುಟ್ಟಿ ಅಂತ ಮಾರೋಕೆ, ಮೂಲನಿವಾಸಿಗಳು ಮಾಡದ್ದನ್ನು ಅವರದೆಂದು ಮಾರಬಾರದು ಅನ್ನೋ ಅಮೆರಿಕದ 1990ರ ಕಾನೂನು ಬಿಡೋದಿಲ್ಲ, ಬಿಡಲೂಬಾರದು. ಈಗ ಮುಚ್ಚಳ ಹೆಣೆಯುತ್ತಿದ್ದೇನೆ. ಅರ್ಧ ಇಂಚು ಚಿಕ್ಕದಾಗಿದೆ, ಮತ್ತೆ ಬಿಚ್ಚಬೇಕು.