ಕೊನೆಯ ಅಕ್ಷರಕ್ಕೆ ಜಗಳ ಬೇಡ: ಎಂಜಿನಿಯರಿಂಗ್ ಗುರಿಯಿದ್ದರೆ ಪಿಯು ವಿಷಯ ಆರಿಸುವ ಬಗೆ

ಹತ್ತನೆಯ ತರಗತಿಯ ಫಲಿತಾಂಶ ಬಂದ ಮಾರನೆಯ ದಿನದಿಂದ ನಮ್ಮ ಕಾಲೇಜಿನ ದಾಖಲಾತಿ ಮೇಜಿನ ಮುಂದೆ ಪ್ರತಿ ವರ್ಷವೂ ಒಂದೇ ಜಗಳ. ಅಪ್ಪನಿಗೆ ಪಿಸಿಎಂಬಿ ಬೇಕು, ಮಗನಿಗೆ ಪಿಸಿಎಂಸಿ ಬೇಕು. ಎರಡರಲ್ಲೂ ಭೌತ, ರಸಾಯನ, ಗಣಿತ ಇವೆ; ಕೊನೆಯ ‘ಬಿ’ ಎಂದರೆ ಜೀವವಿಜ್ಞಾನ, ‘ಸಿ’ ಎಂದರೆ ಕಂಪ್ಯೂಟರ್ ಸೈನ್ಸ್. ಬೆಂಗಳೂರಿನಲ್ಲಿರುವ ಚಿಕ್ಕಪ್ಪ ಫೋನಿನಲ್ಲೇ ತೀರ್ಪು ಕೊಡುತ್ತಾರೆ. ಅಮ್ಮ ಕೊಡೆಯ ನೀರು ಕೊಡವುತ್ತಾ ಸುಮ್ಮನೆ ನಿಂತಿರುತ್ತಾರೆ. ಇಪ್ಪತ್ತೆರಡು ವರ್ಷ ಗಣಿತ ಕಲಿಸಿದ ನಾನು ಆ ಮೇಜಿನ ಈಚೆ ಬದಿಯಲ್ಲಿ ಕುಳಿತು ನೋಡಿದ್ದೇನೆ: ಎಲ್ಲರೂ ಹೊಡೆದಾಡುವುದು ನಾಲ್ಕನೆಯ ಅಕ್ಷರಕ್ಕೆ. ಮಕ್ಕಳು ಎಡವಿ ಬೀಳುವುದು ಮಾತ್ರ ಮೂರನೆಯದರಲ್ಲಿ, ಆ ‘ಎಂ’ ಎಂಬ ಗಣಿತದಲ್ಲಿ.

ಹೆಜ್ಜೆ 1: ಲೆಕ್ಕ ಯಾವುದರದು ಎಂದು ತಿಳಿದುಕೊಳ್ಳಿ

ದ್ವಿತೀಯ ಪಿಯುಸಿಯಲ್ಲಿ ಎರಡು ಭಾಷೆ, ನಾಲ್ಕು ವಿಷಯ, ಒಟ್ಟು 600 ಅಂಕ. ಪತ್ರಿಕೆಯಲ್ಲಿ ಫೋಟೊ ಬರುವುದು ಈ 600ರ ಲೆಕ್ಕದ ಮೇಲೆ. ಎಂಜಿನಿಯರಿಂಗ್ ರ‍್ಯಾಂಕಿಗೆ ಮಾತ್ರ ಅದರಲ್ಲಿ ಅರ್ಧವಷ್ಟೇ ಬೇಕು: ಭೌತವಿಜ್ಞಾನ, ರಸಾಯನವಿಜ್ಞಾನ, ಗಣಿತದ 300 ಅಂಕ. ರಾಜ್ಯದ ಪ್ರವೇಶ ಪರೀಕ್ಷೆಯಾದ ಸಿಇಟಿಯಲ್ಲಿಯೂ ಇದೇ ಮೂರು, ತಲಾ 60 ಪ್ರಶ್ನೆ, 80 ನಿಮಿಷ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಪಿಯುಸಿಯ ಶೇಕಡಾವಾರು ಅರ್ಧ, ಸಿಇಟಿಯ ಶೇಕಡಾವಾರು ಅರ್ಧ ಸೇರಿ ರ‍್ಯಾಂಕ್ ತಯಾರಾಗುತ್ತದೆ.

ಒಂದು ಲೆಕ್ಕ ಮಾಡಿ ನೋಡಿ. ಒಬ್ಬಳಿಗೆ ಪಿಯುಸಿಯ ಮೂರು ವಿಷಯದಲ್ಲಿ 300ಕ್ಕೆ 270, ಸಿಇಟಿಯಲ್ಲಿ 180ಕ್ಕೆ 90. ಅಂದರೆ 45 ಮತ್ತು 25, ಒಟ್ಟು 70. ಇನ್ನೊಬ್ಬನಿಗೆ ಪಿಯುಸಿಯಲ್ಲಿ 240, ಸಿಇಟಿಯಲ್ಲಿ 117. ಅವನದು 40 ಮತ್ತು 32.5, ಒಟ್ಟು 72.5. ಬೋರ್ಡ್ ಪರೀಕ್ಷೆಯಲ್ಲಿ 30 ಅಂಕ ಹಿಂದಿದ್ದವನೇ ಮುಂದೆ ಹೋದ. ಉತ್ತರ ಬಾಯಿಪಾಠ ಮಾಡಿದರೆ ಮೊದಲ ಅರ್ಧ ಸಿಗಬಹುದು, ಎರಡನೆಯ ಅರ್ಧ ಸಿಗುವುದಿಲ್ಲ.

ಬರಿಯ ಅರ್ಹತೆಗೆ ಮೂರು ವಿಷಯ ಸೇರಿ ಸಾಮಾನ್ಯ ವರ್ಗದವರಿಗೆ ಶೇ 45, ಪರಿಶಿಷ್ಟ ಜಾತಿ, ಪಂಗಡ ಮತ್ತು ಹಿಂದುಳಿದ ವರ್ಗದವರಿಗೆ ಶೇ 40 ಸಾಕು. ವಾಣಿಜ್ಯ ವಿಭಾಗದಲ್ಲಿ ‘ಬೇಸಿಕ್ ಮ್ಯಾಥ್ಸ್’ ಎಂಬ ವಿಷಯವೊಂದಿದೆ. ಹೆಸರಿನಲ್ಲಿ ಗಣಿತ ಇದೆ ಎಂದು ಅದನ್ನು ನಂಬಿ ಕೂರಬೇಡಿ. ಅದರಿಂದ ಎಂಜಿನಿಯರಿಂಗ್ ಬಾಗಿಲು ತೆರೆಯುವುದಿಲ್ಲ.

ಹೆಜ್ಜೆ 2: ಗಣಿತವನ್ನು ಮನೆಯಲ್ಲೇ ತೂಗಿ ನೋಡಿ

ಹತ್ತನೆಯ ತರಗತಿಯ ಗಣಿತದಲ್ಲಿ 95 ಬಂದಿದೆ ಎಂಬುದನ್ನು ನಾನು ಸಾಕ್ಷಿಯಾಗಿ ಒಪ್ಪುವುದಿಲ್ಲ. ಮಾದರಿ ಪ್ರಶ್ನೆಪತ್ರಿಕೆಗಳನ್ನು ಇಪ್ಪತ್ತು ಸಲ ಬಿಡಿಸಿದವರಿಗೂ 95 ಬರುತ್ತದೆ. ಅದಕ್ಕೆ ಬದಲು ಒಂದು ಭಾನುವಾರ ಬೆಳಿಗ್ಗೆ ಮಗುವಿಗೆ ಬಿಳಿ ಹಾಳೆ, ಪೆನ್ನು ಕೊಟ್ಟು ಒಂದು ಗಂಟೆ ಕೂರಿಸಿ. ಗೈಡ್ ಬೇಡ, ಮೊಬೈಲ್ ಬೇಡ. ಮೂರೇ ಲೆಕ್ಕ.

ಮೊದಲನೆಯದು ಮಾತಿನಲ್ಲಿ ಇರಲಿ. ‘ಅಡಿಕೆ ಒಣಗಿಸುವ ಅಂಗಳದ ಉದ್ದ ಅಗಲಕ್ಕಿಂತ 7 ಮೀಟರ್ ಹೆಚ್ಚು, ವಿಸ್ತೀರ್ಣ 120 ಚದರ ಮೀಟರ್. ಅಳತೆ ಎಷ್ಟು?’ ಉತ್ತರ 8 ಮತ್ತು 15 ಎಂದು ಬಾಯಲ್ಲೇ ಊಹಿಸಿದರೆ ಸಂತೋಷ, ಆದರೆ ಪೂರ್ತಿ ಅಂಕ ಕೊಡಬೇಡಿ. ವರ್ಗಸಮೀಕರಣ ಕಟ್ಟಬೇಕು, ಬಿಡಿಸಬೇಕು, ಮೈನಸ್ 15 ಎಂಬ ಇನ್ನೊಂದು ಉತ್ತರವನ್ನು ಏಕೆ ಬಿಟ್ಟೆ ಎಂದು ಹೇಳಬೇಕು. ಎರಡನೆಯದು ಪಠ್ಯಪುಸ್ತಕದ ಯಾವುದಾದರೂ ಒಂದು ತ್ರಿಕೋನಮಿತಿ ಸಾಧನೆ. ಮೂರನೆಯದು ಸಮರೂಪ ತ್ರಿಭುಜದ ಒಂದು ಪ್ರಮೇಯ, ಚಿತ್ರ ಬರೆದು ಕಾರಣ ಸಹಿತ.

ಮೂರೂ ಸರಿಯಾಗಬೇಕು ಎಂದು ನಾನು ಕೇಳುವುದಿಲ್ಲ. ಸಿಕ್ಕಿಹಾಕಿಕೊಂಡಾಗ ಮಗು ಏನು ಮಾಡಿತು, ಅದನ್ನು ನೋಡಿ. ಹಾಳೆಯನ್ನು ತಿರುಗಿಸಿ ಇನ್ನೊಂದು ದಾರಿ ಹುಡುಕಿದರೆ ಪಿಯುಸಿ ಗಣಿತಕ್ಕೆ ಧೈರ್ಯವಾಗಿ ಕಳುಹಿಸಿ. ‘ಇದು ನಮಗೆ ಮಾಡಿಸಿಲ್ಲ’ ಎಂದು ಐದೇ ನಿಮಿಷದಲ್ಲಿ ಎದ್ದುಬಂದರೆ ಇನ್ನೊಮ್ಮೆ ಯೋಚಿಸಿ. ಓಡಾಟ, ಯಂತ್ರ, ತಂತಿ ಇಷ್ಟಪಡುವ ಅಂಥ ಮಗುವಿಗೆ ಪಾಲಿಟೆಕ್ನಿಕ್ ಇದೆ: ಮೂರು ವರ್ಷದ ಡಿಪ್ಲೊಮಾ ಮುಗಿಸಿ ಡಿಪ್ಲೊಮಾದವರ ಪ್ರವೇಶ ಪರೀಕ್ಷೆಯಾದ ಡಿಸಿಇಟಿ ಬರೆದರೆ ಎಂಜಿನಿಯರಿಂಗ್‌ನ ಎರಡನೆಯ ವರ್ಷಕ್ಕೇ ಸೇರಬಹುದು. ಈ ದಾರಿಯನ್ನು ಕೀಳೆಂದು ತಿಳಿಯುವ ನೆಂಟರ ಮಾತಿಗೆ ಕಿವಿಗೊಡಬೇಡಿ.

ಹೆಜ್ಜೆ 3: ರಸಾಯನವಿಜ್ಞಾನವನ್ನು ಮಲತಾಯಿಯಂತೆ ನೋಡಬೇಡಿ

ರ‍್ಯಾಂಕಿನಲ್ಲಿ ಅದಕ್ಕೂ ಮೂರನೇ ಒಂದು ಪಾಲಿದೆ. ಇಷ್ಟು ಸಾಕು.

ಹೆಜ್ಜೆ 4: ಆ ಕೊನೆಯ ಅಕ್ಷರ

ಈಗ ಜಗಳದ ವಿಷಯಕ್ಕೆ ಬರೋಣ. ನಾಲ್ಕನೆಯ ವಿಷಯದ ಅಂಕ ಎಂಜಿನಿಯರಿಂಗ್ ರ‍್ಯಾಂಕಿಗೆ ಸೇರುವುದಿಲ್ಲ. ಕಂಪ್ಯೂಟರ್ ಸೈನ್ಸ್ ಎಂಜಿನಿಯರ್ ಆಗಲು ಪಿಯುಸಿಯಲ್ಲಿ ಕಂಪ್ಯೂಟರ್ ಸೈನ್ಸ್ ಓದಿರಲೇಬೇಕು ಎಂಬುದು ಶುದ್ಧ ಮೂಢನಂಬಿಕೆ. ಎಂಜಿನಿಯರಿಂಗ್ ಮೊದಲ ವರ್ಷದಲ್ಲಿ ಪ್ರೋಗ್ರಾಮಿಂಗನ್ನು ಅ ಆ ಇ ಈಯಿಂದಲೇ ಕಲಿಸುತ್ತಾರೆ. ಆದ್ದರಿಂದ ಕೇಳಿಕೊಳ್ಳಬೇಕಾದ ಪ್ರಶ್ನೆ ಎರಡೇ. ಈ ವಿಷಯ ಗಣಿತದ ಎಷ್ಟು ಸಂಜೆಗಳನ್ನು ತಿನ್ನುತ್ತದೆ? ಇದನ್ನು ಈ ಕಾಲೇಜಿನಲ್ಲಿ ಕಲಿಸುವವರು ಯಾರು?

ಜೀವವಿಜ್ಞಾನ ಸಂಜೆಗಳನ್ನು ಚೆನ್ನಾಗಿಯೇ ತಿನ್ನುತ್ತದೆ. ಚಿತ್ರಗಳು, ಉದ್ದುದ್ದ ಹೆಸರುಗಳು, ಪುಟಗಟ್ಟಲೆ ಓದು. ‘ಇರಲಿ ಬಿಡಿ, ಎರಡೂ ಕಡೆ ಬಾಗಿಲು ತೆರೆದಿರಲಿ’ ಎಂದು ಅದನ್ನು ಹೇರುವ ತಂದೆತಾಯಿಗಳಿಗೆ ನಾನು ಕೇಳುವುದು ಇಷ್ಟು: ಆ ಇನ್ನೊಂದು ಬಾಗಿಲಿನಲ್ಲಿ ಮಗು ನಿಜವಾಗಿ ಕಾಲಿಡುತ್ತದೆಯೇ? ನಮ್ಮ ಕಡೆ ಇದಕ್ಕೆ ಹೌದೆಂಬ ಉತ್ತರವೂ ಇದೆ. ತೋಟ, ಹಟ್ಟಿ ಇರುವ ಮನೆಯ ಮಗು ಬಿಎಸ್ಸಿ ಕೃಷಿಗೋ ಪಶುವೈದ್ಯಕ್ಕೋ ಹೋಗಲು ಮನಸ್ಸು ಮಾಡಿದ್ದರೆ, ಶಿವಮೊಗ್ಗದಲ್ಲೇ ಕೃಷಿ ವಿಶ್ವವಿದ್ಯಾಲಯವಿದೆ, ಪಶುವೈದ್ಯಕೀಯ ಕಾಲೇಜೂ ಇದೆ. ಅಂಥವರಿಗೆ ಪಿಸಿಎಂಬಿ ಸರಿಯಾದ ಆಯ್ಕೆ. ರಕ್ತ ಕಂಡರೆ ತಲೆ ತಿರುಗುವ, ಕೊಟ್ಟಿಗೆಗೆ ಕಾಲಿಡದ ಹುಡುಗನಿಗೆ ಅದು ಎರಡು ವರ್ಷದ ದಂಡ.

ನನ್ನನ್ನು ಕೇಳಿದರೆ ಮೊದಲ ಮತ ಎಲೆಕ್ಟ್ರಾನಿಕ್ಸ್‌ಗೆ. ಡಯೋಡ್, ಟ್ರಾನ್ಸಿಸ್ಟರ್, ಲಾಜಿಕ್ ಗೇಟ್‌ಗಳನ್ನು ಕೈಯಾರೆ ಜೋಡಿಸಿದ ಮಗುವಿಗೆ ದ್ವಿತೀಯ ಪಿಯು ಭೌತವಿಜ್ಞಾನದ ಅರೆವಾಹಕಗಳ ಅಧ್ಯಾಯ ಅರ್ಧ ಓದಿದಂತೆಯೇ ಸರಿ. ತೊಂದರೆಯೆಂದರೆ ತಾಲ್ಲೂಕು ಊರುಗಳಲ್ಲಿ ಇದನ್ನು ಕಲಿಸುವ ಕಾಲೇಜು ಸಿಗುವುದೇ ಕಷ್ಟ. ಸಿಗದಿದ್ದರೆ ಕಂಪ್ಯೂಟರ್ ಸೈನ್ಸ್ ತೆಗೆದುಕೊಳ್ಳಿ, ಹೊರೆ ಹಗುರ. ಸಂಖ್ಯಾಶಾಸ್ತ್ರ ಇನ್ನೂ ಅಪರೂಪ; ಇದ್ದಲ್ಲಿ ಗಣಿತದ ಒಲವಿರುವವರಿಗೆ ಚೆಂದದ ವಿಷಯ.

ಕಲಿಸುವವರು ಯಾರು ಎಂಬುದನ್ನು ಕಂಡುಹಿಡಿಯಲು ಕಾಲೇಜಿನ ಬಣ್ಣದ ಕರಪತ್ರ ಉಪಯೋಗಕ್ಕೆ ಬಾರದು. ಅದೇ ಕಾಲೇಜಿನಲ್ಲಿ ಎರಡನೆಯ ವರ್ಷದಲ್ಲಿ ಓದುತ್ತಿರುವ ಒಬ್ಬರನ್ನು ಹಿಡಿಯಿರಿ. ನಿಮ್ಮ ಊರಿನ ಬಸ್ಸಿನಲ್ಲೇ ಸಿಗುತ್ತಾರೆ. ಅವರ ಮೊದಲ ವರ್ಷದ ಪ್ರಾಕ್ಟಿಕಲ್ ರೆಕಾರ್ಡ್ ಪುಸ್ತಕ ಕೇಳಿ ತೆಗೆದುಕೊಂಡು ದಿನಾಂಕ ನೋಡಿ. ಮೊದಲ ಪ್ರಯೋಗ ಜುಲೈನಲ್ಲಿ ಆಗಿದ್ದರೆ ಅಲ್ಲಿ ಪ್ರಯೋಗಾಲಯವಿದೆ ಎಂದರ್ಥ. ಡಿಸೆಂಬರ್‌ನಲ್ಲಿ ಒಂದೇ ವಾರದಲ್ಲಿ ಎಂಟು ಪ್ರಯೋಗ ಬರೆದಿದ್ದರೆ ಅಲ್ಲಿರುವುದು ಬೀಗ ಹಾಕಿದ ಕೋಣೆ. ಭೌತ, ರಸಾಯನ ಎರಡಕ್ಕೂ ಪ್ರಾಯೋಗಿಕ ಪರೀಕ್ಷೆಗೆ ತಲಾ 30 ಅಂಕವಿರುವುದರಿಂದ ಇದು ಬರಿಯ ಕುತೂಹಲದ ಪ್ರಶ್ನೆಯಲ್ಲ. ಹಾಗೆಯೇ ಗಣಿತಕ್ಕೆ ಕಾಯಂ ಉಪನ್ಯಾಸಕರಿದ್ದಾರೆಯೇ, ಅತಿಥಿ ಉಪನ್ಯಾಸಕರೇ, ಅವರು ಯಾವ ತಿಂಗಳಲ್ಲಿ ಬಂದರು ಎಂದೂ ಕೇಳಿ. ಅತಿಥಿ ಉಪನ್ಯಾಸಕರಲ್ಲಿ ನನಗಿಂತ ಚೆನ್ನಾಗಿ ಕಲಿಸುವವರನ್ನು ಕಂಡಿದ್ದೇನೆ. ದೋಷ ಅವರದಲ್ಲ, ನೇಮಕ ತಡವಾಗುವುದರದು. ಗಣಿತದ ಉಪನ್ಯಾಸಕರು ಗಟ್ಟಿಯಾಗಿರುವ, ಮನೆಯಿಂದ ಹೋಗಿಬರುವ ಕಾಲೇಜಿನಲ್ಲಿ ನಿಮಗೆ ಬೇಕಾದ ನಾಲ್ಕನೆಯ ಅಕ್ಷರ ಇಲ್ಲದಿದ್ದರೆ ಆ ಅಕ್ಷರವನ್ನೇ ಬಿಡಿ, ಕಾಲೇಜನ್ನು ಬಿಡಬೇಡಿ.

ಹೆಜ್ಜೆ 5: ಭಾಷೆ

ಹತ್ತು ವರ್ಷ ಕನ್ನಡ ಓದಿದವರು ಪಿಯುಸಿಯಲ್ಲಿ ಅಂಕ ಸಿಗುತ್ತದೆಂದು ಸಂಸ್ಕೃತಕ್ಕೆ ಹಾರುವುದನ್ನು ನೋಡುತ್ತೇನೆ. ಸಂಸ್ಕೃತದ ಮೇಲಿನ ಪ್ರೀತಿಗೆ ಓದುವುದಾದರೆ ನಮಸ್ಕಾರ. ಅಂಕಕ್ಕಾಗಿಯಾದರೆ ಮೊದಲ ಹೆಜ್ಜೆಯನ್ನು ಮತ್ತೆ ಓದಿ: ಎಂಜಿನಿಯರಿಂಗ್ ರ‍್ಯಾಂಕಿಗೆ ಭಾಷೆಯ ಅಂಕ ಸೇರುವುದೇ ಇಲ್ಲ.

ಇಲ್ಲೇ ಇನ್ನೊಂದು ಮಾತು, ತಮ್ಮ ತಂಗಿಯರಿರುವ ಮನೆಗಳಿಗೆ. ಒಂದರಿಂದ ಹತ್ತನೆಯ ತರಗತಿಯವರೆಗೆ ಗ್ರಾಮೀಣ ಶಾಲೆಯಲ್ಲಿ ಓದಿದವರಿಗೆ ಶೇ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5 ಮೀಸಲಾತಿ ಇದೆ. ಹತ್ತೂ ವರ್ಷ ಬೇಕು. ‘ಹತ್ತನೆಯದೊಂದು ಪೇಟೆಯಲ್ಲಿ ಆಗಲಿ’ ಎಂದು ಕೊನೆಯ ವರ್ಷ ಶಿವಮೊಗ್ಗಕ್ಕೆ ಕರೆತಂದು ಗ್ರಾಮೀಣ ಮೀಸಲಾತಿ ಕಳೆದುಕೊಂಡವರು ನನ್ನ ಮುಂದೆಯೇ ಅತ್ತಿದ್ದಾರೆ. ಪಿಯುಸಿಯನ್ನು ಪೇಟೆಯಲ್ಲಿ ಓದಿದರೆ ಇದಕ್ಕೆ ಧಕ್ಕೆಯಿಲ್ಲ.

ಹೆಜ್ಜೆ 6: ಆರಿದ್ರಾ ಮಳೆಯ ಹೊತ್ತಿಗೆ ಬರುವ ಕಷ್ಟ

ವಿಷಯ ಆರಿಸಿ ಶುಲ್ಕ ಕಟ್ಟಿದ ಮೇಲೆ ಎಲ್ಲರೂ ಕೆಲಸ ಮುಗಿಯಿತೆಂದು ತಿಳಿಯುತ್ತಾರೆ. ಚೆನ್ನಾಗಿ ಆರಿಸಿದವರೂ ಸೋಲುವುದು ಇದರ ನಂತರದ ಎರಡು ತಿಂಗಳಲ್ಲಿ. ಕಾರಣ ಪಠ್ಯಪುಸ್ತಕದ ಜೋಡಣೆಯಲ್ಲೇ ಇದೆ. ಪ್ರಥಮ ಪಿಯು ಭೌತವಿಜ್ಞಾನದಲ್ಲಿ ಸರಳರೇಖೆಯ ಚಲನೆ ಆರಂಭದಲ್ಲೇ ಬರುತ್ತದೆ, ಅದಕ್ಕೆ ಡೆರಿವೇಟಿವ್ ಬೇಕು. ಗಣಿತದಲ್ಲಿ ಅದೇ ಡೆರಿವೇಟಿವ್ ಬರುವುದು ಪುಸ್ತಕದ ಕೊನೆಕೊನೆಗೆ, ಊರಿನಲ್ಲಿ ಅಡಿಕೆಯ ಕೊನೆಕೊಯ್ಲು ಮುಗಿಯುವ ಹೊತ್ತಿಗೆ. ನಡುವಿನ ಅರ್ಧ ವರ್ಷ ಮಗು ‘ನನಗೆ ಫಿಸಿಕ್ಸ್ ಹತ್ತುವುದಿಲ್ಲ’ ಎಂದು ನಂಬಿ ಕೂರುತ್ತದೆ.

ಇದಕ್ಕೆ ಮದ್ದು ಮನೆಯಲ್ಲೇ ಇದೆ. ಸಾಗರದಿಂದ ಶಿವಮೊಗ್ಗಕ್ಕೆ ಸುಮಾರು 70 ಕಿಲೋಮೀಟರ್. ಬಸ್ಸಿಗೆ ಎರಡು ಗಂಟೆ ಹಿಡಿದರೆ ಸರಾಸರಿ ವೇಗ ಗಂಟೆಗೆ 35. ಆದರೆ ಆಯನೂರು ದಾಟುವ ಆ ಕ್ಷಣದಲ್ಲಿ ಚಾಲಕನ ಮುಂದಿನ ಮುಳ್ಳು 60 ತೋರಿಸುತ್ತಿರಬಹುದು. ಆ ಮುಳ್ಳಿನ ಲೆಕ್ಕವೇ ಡೆರಿವೇಟಿವ್. ಕಾಗದದಲ್ಲಿ ಮಾಡುವುದಾದರೆ ಹೀಗೆ: ಒಂದು ವಸ್ತು ಸಾಗಿದ ದೂರ ಮೀಟರಿನಲ್ಲಿ, ಕಾಲದ ವರ್ಗಕ್ಕೆ ಸಮ ಎಂದಿಟ್ಟುಕೊಳ್ಳಿ. 3 ಸೆಕೆಂಡಿಗೆ 9 ಮೀಟರ್. 3.1 ಸೆಕೆಂಡಿಗೆ 9.61. ಆ 0.1 ಸೆಕೆಂಡಿನಲ್ಲಿ ಸಾಗಿದ್ದು 0.61, ಅಂದರೆ ವೇಗ 6.1. ಈಗ 3.01 ತೆಗೆದುಕೊಳ್ಳಿ: ದೂರ 9.0601, ವೇಗ 6.01. ಇನ್ನೂ ಹತ್ತಿರ ಬಂದು 3.001 ಹಾಕಿದರೆ 6.001. ವೇಗ ಎಲ್ಲಿಗೆ ಬಂದು ನಿಲ್ಲುತ್ತಿದೆ ಎಂದು ಮಗುವೇ ಹೇಳಲಿ. 6 ಎಂದರೆ ಡೆರಿವೇಟಿವ್ ಏನೆಂದು ತಿಳಿಯಿತು. ಇದೇ ಲೆಕ್ಕವನ್ನು 4 ಸೆಕೆಂಡಿಗೆ, 5 ಸೆಕೆಂಡಿಗೆ ಮಾಡಿಸಿ. 8, 10 ಎಂದು ಬಂದಾಗ ಸೂತ್ರವನ್ನು ತಾನೇ ಕಂಡುಕೊಳ್ಳುತ್ತದೆ. ಕ್ಯಾಲ್ಕುಲೇಟರ್ ಕೊಡಬಹುದು, ಸೂತ್ರದ ಚೀಟಿ ಕೊಡಬೇಡಿ. ಮೇ ತಿಂಗಳ ರಜೆಯ ನಾಲ್ಕು ಮಧ್ಯಾಹ್ನ ಸಾಕು.

ಕನ್ನಡ ಮಾಧ್ಯಮದಿಂದ ಬಂದವರಿಗೆ ಇನ್ನೊಂದು ಕೆಲಸವಿದೆ. ಅವರಿಗೆ ಗೊತ್ತಿಲ್ಲದಿರುವುದು ವಿಜ್ಞಾನವಲ್ಲ, ಅದರ ಇಂಗ್ಲಿಷ್ ಹೆಸರು. ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ನಡುವೆ ಗೆರೆ ಎಳೆದು ಎಡಕ್ಕೆ ವೇಗೋತ್ಕರ್ಷ, ಬಲಕ್ಕೆ ಆ್ಯಕ್ಸಲರೇಷನ್, ಎಡಕ್ಕೆ ಸಂವೇಗ, ಬಲಕ್ಕೆ ಮೊಮೆಂಟಮ್, ವಕ್ರೀಭವನ, ರಿಫ್ರ್ಯಾಕ್ಷನ್, ಸಹಗುಣಕ, ಕೊಯೆಫಿಶಿಯೆಂಟ್ ಎಂದು ದಿನಕ್ಕೆ ಹತ್ತರಂತೆ ಬರೆಯುತ್ತಾ ಹೋಗಲಿ. ಮುದ್ರಿತ ಶಬ್ದಕೋಶ ಕೊಳ್ಳಬೇಡಿ. ಕೈಯಾರೆ ಬರೆದ ಪಟ್ಟಿಯಷ್ಟು ಅದು ತಲೆಗೆ ಹತ್ತುವುದಿಲ್ಲ.

ಕೊಳ್ಳುವ ಮಾತು ಬಂದದ್ದರಿಂದ ಹೇಳಿಬಿಡುತ್ತೇನೆ. ಟ್ಯಾಬ್ ಸಮೇತ ಎರಡು ವರ್ಷದ ಕೋಚಿಂಗ್ ಎಂದು ಕಂತಿನ ಲೆಕ್ಕದಲ್ಲಿ ಮನೆಬಾಗಿಲಿಗೆ ಬರುವವರನ್ನು ಕಾಫಿ ಕೊಟ್ಟು ಕಳುಹಿಸಿ. ನೆಟ್‌ವರ್ಕ್‌ಗಾಗಿ ಗುಡ್ಡ ಹತ್ತಬೇಕಾದ ನಮ್ಮ ನೆಂಟರೊಬ್ಬರ ಮನೆಯಲ್ಲಿ ಅಂಥದ್ದೊಂದು ಟ್ಯಾಬ್ ಈಗ ಮೊಮ್ಮಗುವಿನ ಆಟಿಕೆಯಾಗಿದೆ, ಕಂತು ಮಾತ್ರ ಮುಗಿದಿಲ್ಲ. ದಪ್ಪ ಗೈಡ್‌ಗಳಲ್ಲಿ ಉತ್ತರ ಇರುತ್ತದೆ, ಮಧ್ಯದ ಹಂತಗಳು ಮಾಯವಾಗಿರುತ್ತವೆ. ಎನ್‌ಸಿಇಆರ್‌ಟಿ ಪಠ್ಯಪುಸ್ತಕದ ಬಿಡಿಸಿ ತೋರಿಸಿದ ಉದಾಹರಣೆಗಳನ್ನು ಉತ್ತರ ಮುಚ್ಚಿಟ್ಟು ಮಾಡಿಸಿ, ಆಮೇಲೆ ಹಳೆಯ ಪ್ರಶ್ನೆಪತ್ರಿಕೆ. ಐಐಟಿ, ಎನ್‌ಐಟಿಗಳ ಪ್ರವೇಶ ಪರೀಕ್ಷೆಯಾದ ಜೆಇಇ ಬರೆಯುವ ಮನಸ್ಸಿದ್ದರೆ ಬೇರೆ ಪುಸ್ತಕ ಬೇಕಾಗುತ್ತದೆ, ಅಲ್ಲಿ ತಪ್ಪು ಉತ್ತರಕ್ಕೆ ಅಂಕವೂ ಹೋಗುತ್ತದೆ. ಆದರೆ ಅದನ್ನು ಮೊದಲ ಮಳೆಗಾಲ ಕಳೆಯುವವರೆಗೆ ಮನೆಗೆ ತರಬೇಡಿ.

ಇಷ್ಟಾದ ಮೇಲೂ ನಾಲ್ಕನೆಯ ವಿಷಯ ತಪ್ಪಾಯಿತೆಂದು ಅನ್ನಿಸಿದರೆ ಬದಲಾಯಿಸಲು ಅವಕಾಶವಿರುತ್ತದೆ, ಆದರೆ ತರಗತಿ ಶುರುವಾದ ಕೆಲವೇ ವಾರ ಮಾತ್ರ. ಕೊನೆಯ ದಿನ ಯಾವುದೆಂದು ದಾಖಲಾತಿಯ ದಿನವೇ ಕಚೇರಿಯಲ್ಲಿ ಕೇಳಿ ಬರೆದಿಟ್ಟುಕೊಳ್ಳಿ. ಪ್ರಾಂಶುಪಾಲರಿಗೆ ಬರೆಯುವ ಅರ್ಜಿ ಅರ್ಧ ಪುಟ ಸಾಕು. ಅದರ ಮೇಲೆ ಪೋಷಕರ ಸಹಿ ಕೇಳುತ್ತಾರೆ, ಆದ್ದರಿಂದ ದೂರದ ಊರಿನವರು ಅಪ್ಪನನ್ನೋ ಅಮ್ಮನನ್ನೋ ಬೆಳಗಿನ ಬಸ್ಸಿಗೇ ಜೊತೆಯಲ್ಲಿ ಕರೆತನ್ನಿ.